ಒಂದು ಬಿಲ್ಲೆ ಕಡಿಮೆ ಬಿದ್ದ ಧನುರ್ಮಾಸ

ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದೆ. ಹಿಂದಿನ ದಿನ ನೆನೆಸಿಟ್ಟ ಕಾಳು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಟಪ್ಪೆಂದು ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಸೊಸೆ ಸವಿತಾ ಮಹಡಿಯ ಕೋಣೆಯಿಂದ ಇಳಿದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಧ್ಯಾಹ್ನ ಮೂರರ ಹೊತ್ತು ಅವಳು ಕೆಲಸ ಬಿಟ್ಟು ಕೆಳಗೆ ಬರುವವಳಲ್ಲ.

"ಅತ್ಯಾ, ದವಾಖಾನ್ಯಾಗ ಪೆಟ್ಟಿಗಿ ನಿಂತು ಹೋಗೇದಂತ."

ಅವಳು ಧಾರವಾಡದವಳು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದು ನಾಲ್ಕು ವರ್ಷವಾಗಿದ್ದರೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ನನಗೂ ಅದು ಬದಲಾಗುವುದು ಬೇಕಿರಲಿಲ್ಲ.

"ಯಾರಿಗಾದ್ರೂ ಏನಾದ್ರೂ ಆಯ್ತೇನಮ್ಮಾ?" ಎಂದು ಮೊದಲು ಕೇಳಿದ್ದು ಅದನ್ನೇ.

"ಇಲ್ರಿ. ಅದು ಪರೀಕ್ಷಾಕ್ಕ ಅಂತ ಇಟ್ಟಿದ್ದು. ಪಕ್ಕದಾಗ ಅವರದು ಹಳೇ ಪೆಟ್ಟಿಗಿ ನಡದೇ ಇತ್ತು."

ಬೆರಳಿನ ಸಿಪ್ಪೆ ಕೊಡವಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ದೇವರ ಮನೆಯ ಕಡೆಗೆ ಒಮ್ಮೆ ಕೈ ಮುಗಿದೆ. ಆ ತಿಂಗಳು ನಾನು ಎಣಿಸಿಕೊಂಡ ಮೊದಲ ಉಪಕಾರ ಅದು.

"ಆದರ ನಿಂತಿದ್ದು ನನ್ನ ಕೋಡ್‌ನಿಂದನ ಅಂತಾರ" ಎಂದು ಹೇಳಿ ಸವಿತಾ ಅಲ್ಲೇ ನನ್ನ ಎದುರಿಗೆ ಕೂತು ತಾನೂ ಕಾಳು ಹಿತುಕತೊಡಗಿದಳು.

ಈಗಲೂ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹತ್ತಿರ ಗಾಡಿಗಳ ಮೇಲೆ ಅವರೆಕಾಯಿ ರಾಶಿ ಬಿದ್ದು ಆ ಸೊಗಡು ಮೂಗಿಗೆ ಬಡಿದರೆ ನನಗೆ ಆ ಒಂದು ಧನುರ್ಮಾಸವೇ ನೆನಪಾಗುತ್ತದೆ. ಹಬ್ಬ ನೆನಪಾಗುವುದಿಲ್ಲ, ಸಾರೂ ನೆನಪಾಗುವುದಿಲ್ಲ. ಎದುರಿಗೆ ಕೂತು ಒಂದೊಂದೇ ಕಾಳನ್ನು ಲೆಕ್ಕ ತಪ್ಪಿದವಳಂತೆ ಒತ್ತುತ್ತಿದ್ದ ಆ ಹುಡುಗಿಯ ಮುಖ ನೆನಪಾಗುತ್ತದೆ.

ವಿಷಯವನ್ನು ಮೊದಲಿಂದ ಹೇಳುತ್ತೇನೆ. ಸವಿತಾಳ ಆಫೀಸು ರಾಜಾಜಿನಗರದ ಕಾರ್ಖಾನೆಗಳ ಸಾಲಿನಲ್ಲಿತ್ತು, ಕೆಲಸ ಹೆಚ್ಚಾಗಿ ಮನೆಯಿಂದಲೇ. ಚಿಕ್ಕ ಕಂಪನಿ. ರೋಗಿಯ ಮಂಚದ ಪಕ್ಕದಲ್ಲಿಟ್ಟು ಎದೆಬಡಿತ, ಉಸಿರು, ರಕ್ತದೊತ್ತಡ ತೋರಿಸುವ ಪೆಟ್ಟಿಗೆ ತಯಾರಿಸುತ್ತಿದ್ದರು. ಆ ಪೆಟ್ಟಿಗೆಯ ಬೆನ್ನಿಗೆ ಗೂಡುಗಳಿದ್ದು, ಅವುಗಳಿಗೆ ಕಾರ್ಡುಗಳನ್ನು ಸಿಕ್ಕಿಸಬೇಕು, ಎದೆಬಡಿತಕ್ಕೊಂದು, ಉಸಿರಿಗೊಂದು. ನರ್ಸಮ್ಮನವರು ಬೇಕಾದಾಗ ಒಂದನ್ನು ಎಳೆದು ಇನ್ನೊಂದನ್ನು ತಳ್ಳಬಹುದು, ಪೆಟ್ಟಿಗೆ ಆರಿಸಬೇಕಾಗಿಲ್ಲ. ಯಾವ ಗೂಡಿನಲ್ಲಿ ಯಾವ ಕಾರ್ಡಿದೆ ಎಂದು ಹುಡುಕುವ ಭಾಗವನ್ನು ಬರೆದದ್ದು ಸವಿತಾ. ಅದಕ್ಕೆ ಡ್ರೈವರ್ ಅನ್ನುತ್ತಾರೆ.

ಮಗುವಿನ ಹೆರಿಗೆ ರಜೆ ಮುಗಿಸಿ, ಹಳೆಯ ಕೆಲಸಕ್ಕೆ ಹೋಗಲಾಗದೆ ಇಲ್ಲಿ ಹೊಸದಾಗಿ ಸೇರಿದ್ದಳು. ಇನ್ನೂ ಕಾಯಂ ಆಗಿರಲಿಲ್ಲ. ಆರು ತಿಂಗಳು ನೋಡುತ್ತೇವೆ ಎಂದವರು, ಆರಾದ ಮೇಲೆ ಇನ್ನೂ ಮೂರು ತಿಂಗಳು ಎಂದಿದ್ದರು. ಆ ಮೂರು ಸಂಕ್ರಾಂತಿಗೆ ಮುಗಿಯುತ್ತಿತ್ತು. ಆಸ್ಪತ್ರೆಯವರು ಪೆಟ್ಟಿಗೆಗಳನ್ನು ವಾಪಸ್ಸು ಕಳಿಸಿ, ಸಂಕ್ರಾಂತಿಯೊಳಗೆ ಕಾರಣ ಹೇಳದಿದ್ದರೆ ಇನ್ನು ಬೇಡ ಎಂದರಂತೆ. ಅವಳ ಮೇಲಿನವರು ಬೈಯಲಿಲ್ಲ. "ನೋಡಿ ಸವಿತಾ, ಟೈಮ್ ಇದೆ" ಎಂದಷ್ಟೇ ಅಂದರಂತೆ. ಬೈದಿದ್ದರೇ ವಾಸಿಯಿತ್ತು ಎಂದಳು ಸವಿತಾ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ಆ ಪೆಟ್ಟಿಗೆಗೊಂದು ತಟ್ಟಿ ನೋಡಬಾರದಾ? ನಮ್ಮ ಕಾಲದಲ್ಲಿ ರೇಡಿಯೋ ಹಾಗೇ ಸರಿ ಹೋಗ್ತಿತ್ತು" ಎಂದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಯಾವುದೂ ರಿಪೇರಿಗೆ ಮೀರಿದ್ದಲ್ಲ ಎಂದೇ ಅವರ ನಂಬಿಕೆ.

"ತಟ್ಟೀನ್ರಿ ಮಾವಾ. ನನ್ನ ಹಣೀಗೆ ತಟ್ಟಿಕೊಂಡೀನಿ" ಎಂದಳು ಸವಿತಾ. ಅವಳ ಬಾಯಲ್ಲಿ ಇನ್ನೂ ತಮಾಷೆ ಇದೆಯಲ್ಲ ಎಂದು ನನಗೆ ಸಮಾಧಾನ.

ನನಗೆ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆದರೂ ಮನೆಯಲ್ಲಿ ಒಬ್ಬರ ತಲೆ ಬಿಸಿಯಾಗಿದೆ ಎಂದರೆ ಅದು ಯಾಕೆ ಎಂದು ತಿಳಿಯದೆ ನನಗೆ ಇರಲಾಗದು. ಮರುದಿನ ಮೊಮ್ಮಗಳು ಪುಟ್ಟಿಗೆ ಅನ್ನ ಕಲಸುತ್ತಾ ಕೇಳಿದೆ: "ಹುಡುಕೋದ್ರಲ್ಲಿ ಏನಮ್ಮಾ ತಪ್ಪಾಗತ್ತೆ? ಗೂಡಲ್ಲಿ ಇದೆಯೋ ಇಲ್ಲವೋ, ಅಷ್ಟೇ ತಾನೆ?"

ಸವಿತಾ ಮಗುವಿನ ಬಾಯಿ ಒರೆಸುತ್ತಾ ಹೇಳಿದಳು: "ಅಷ್ಟ ಅಲ್ರಿ ಅತ್ಯಾ. ಮೊದಲಿನ ಕಾಲದಾಗ ಅಷ್ಟ ಇತ್ತು. ಎಲ್ಲೆದ ಅಂತ ಕೇಳಿದ್ರ, ಅಗೋ ಅಲ್ಲೆದ ಅಂತ ಬೆರಳು ತೋರಸ್ತಿತ್ತು. ಆಗ ಕಾರ್ಡ್ ಯಾರೂ ನಡುವ ಕೀಳತಿರಲಿಲ್ಲ. ಈಗ ಹಂಗಲ್ಲ. ಇತ್ಲಾಗ ನಾನು ಅದರ ಜೋಡಿ ಮಾತಾಡ್ಲಿಕ್ಕತ್ತಿರತೇನಿ, ಅತ್ಲಾಗ ನರ್ಸ್ ಬಂದು ಎಳದು ಬಿಡತಾಳ. ಇಲ್ಲದ್ದರ ಜೋಡಿ ನಾನು ಮಾತಾಡಿದಂಗಾತು. ಆವಾಗ ಪೆಟ್ಟಿಗಿ ಪೂರಾ ನಿಂತು ಹೋಗ್ತದ."

"ಮತ್ತೆ ಏನು ಮಾಡ್ಬೇಕು?"

"ಹುಡುಕಿದ ಕೂಡಲೇ ಹಿಡಕೋಬೇಕು. ಹಿಡಕೊಂಡೀನಿ ಅಂತ ಒಂದು ಗುರುತು ಹಾಕಬೇಕು. ಕೆಲಸ ಮುಗದ ಮ್ಯಾಲೆ ಗುರುತು ತಗೀಬೇಕು. ನಾಕು ಮಂದಿ ಹಿಡಕೊಂಡಿದ್ರ ನಾಕು ಗುರುತು. ಕಾರ್ಡ್ ಕಿತ್ತರೂ ಅದರ ವಿವರ ಒಳಗ ಇರತದ. ಕಡೀ ಗುರುತು ಹೋದ ಮ್ಯಾಲೇನ ಅಳಸೋದು."

"ಹಾಗಾದ್ರೆ ನಮ್ಮ ಬಿಲ್ಲೆ!" ಎಂದೆ.

ಧನುರ್ಮಾಸದಲ್ಲಿ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ದಿನವೂ ಸೂರ್ಯ ಹುಟ್ಟುವ ಮುಂಚೆ ಹುಗ್ಗಿಯ ನೈವೇದ್ಯ. ಅಡುಗೆ ನಮ್ಮ ಭಜನಾ ಮಂಡಳಿಯ ಹೆಂಗಸರದು. ಅಡುಗೆಮನೆ ಉದ್ದದ ಕೋಣೆ. ಅದರ ಹಿಂದೆ ತಿರುವಿನಲ್ಲಿ ಉಗ್ರಾಣ. ಮುಂಬಾಗಿಲಲ್ಲಿ ನಿಂತರೆ ಉಗ್ರಾಣದಲ್ಲಿ ಯಾರಿದ್ದಾರೆ ಎಂದು ಕಾಣುವುದಿಲ್ಲ. ಗ್ಯಾಸಿನ ಸಿಲಿಂಡರುಗಳು ಹೊರಗೆ ಗೂಡಿನಲ್ಲಿ. ಕೊನೆಗೆ ಹೋಗುವವಳು ಗ್ಯಾಸ್ ನಿಲ್ಲಿಸಿ, ಬೀಗ ಹಾಕಬೇಕು. ಆದರೆ ಕೊನೆಯವಳು ಯಾರು ಎಂದು ತಿಳಿಯುವುದು ಹೇಗೆ? ಅದಕ್ಕೆ ಎಷ್ಟೋ ವರ್ಷದ ಹಿಂದೆ ಯಾರೋ ಪುಣ್ಯಾತ್ಗಿತ್ತಿ ಒಂದು ಪದ್ಧತಿ ಮಾಡಿಟ್ಟಿದ್ದರು. ಮಂದಿರದ ಹಳೇ ಚಪ್ಪಲಿ ಸ್ಟ್ಯಾಂಡಿನ ಅಲ್ಯುಮಿನಿಯಂ ಬಿಲ್ಲೆಗಳು ಒಂದು ಡಬ್ಬಿಯಲ್ಲಿದ್ದವು. ಒಳಗೆ ಬರುವವಳು ಒಂದು ಬಿಲ್ಲೆ ತೆಗೆದು ಬಾಗಿಲ ಪಕ್ಕದ ಮೊಳೆಗೆ ಹಾಕಬೇಕು. ಹೋಗುವಾಗ ಒಂದು ಬಿಲ್ಲೆ ಇಳಿಸಿ ಡಬ್ಬಿಗೆ ಹಾಕಬೇಕು. ಮೊಳೆ ಬರಿದಾದರೆ ಒಳಗೆ ಯಾರೂ ಇಲ್ಲವೆಂದರ್ಥ; ಬರಿದು ಮಾಡಿದವಳೇ ಬೀಗ ಹಾಕಬೇಕು. ಬಿಲ್ಲೆಯ ಮೇಲೆ ನಂಬರ್ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಯಾವ ಬಿಲ್ಲೆ ಯಾರದೆಂಬುದು ಬೇಕಿರಲಿಲ್ಲ, ಎಷ್ಟಿವೆ ಎಂಬುದಷ್ಟೇ ಬೇಕಿತ್ತು.

ಸವಿತಾ ಇದನ್ನು ಕೇಳಿ ನಕ್ಕಳು. "ಅತ್ಯಾ, ಈ ಗುರುತಿನ ಲೆಕ್ಕಾ ಬರದವ್ರು ನಿಮ್ಮ ಮಂದಿರದಾಗ ಹುಗ್ಗಿ ತಿಂದು ಹೋಗಿರಬೇಕು ನೋಡ್ರಿ."

ಮುಂದಿನ ವಾರಗಳಲ್ಲೆಲ್ಲ ಅವಳು ಹುಡುಕಿದ್ದು ಒಂದೇ ತಪ್ಪನ್ನು: ಬಿಲ್ಲೆ ಹಾಕದೆ ಒಳಗೆ ನುಗ್ಗಿದವರು ಯಾರು? ಮೇಲಿನವರಿಗೂ ಅದೇ ಅನುಮಾನ. ಎಲ್ಲೋ ಒಂದು ಕಡೆ ಇವಳು ಕಾರ್ಡನ್ನು ಹಿಡಿದುಕೊಳ್ಳದೆಯೇ ಮುಟ್ಟಿದ್ದಾಳೆ, ಅದಕ್ಕೇ ನಿಂತಿದೆ ಎಂದು. ಅವಳು ತಾನು ಬರೆದ ಪ್ರತಿ ಸಾಲನ್ನೂ ನೋಡಿದಳು. ಎಲ್ಲ ಕಡೆಯೂ ಹಿಡಿದುಕೊಂಡೇ ಮುಟ್ಟಿದ್ದಳು. ಇನ್ನೊಂದು ಸಲ ನೋಡಿದಳು. ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್, ಮಗು ಮಲಗಿದ ಮಂಚದ ಮೇಲೆ ಲ್ಯಾಪ್‌ಟಾಪ್. ಆಫೀಸಿನಿಂದ ಒಂದು ಪೆಟ್ಟಿಗೆಯನ್ನೇ ಮನೆಗೆ ತಂದು ಇಟ್ಟುಕೊಂಡಳು. ಕಾರ್ಡು ತೆಗೆದು ಹಾಕಿದಳು, ಹಾಕಿ ತೆಗೆದಳು. ಅದು ಸುಮ್ಮನೆ ಒಳ್ಳೆಯ ಮಗುವಿನಂತೆ ನಡೆಯುತ್ತಿತ್ತು. ನಿಲ್ಲಬೇಕಾದಾಗ ನಿಲ್ಲದ ಯಂತ್ರ ಎಷ್ಟು ಹಿಂಸೆ ಎಂದು ನನಗೆ ಗೊತ್ತಾದದ್ದು ಆಗಲೇ.

"ನಿಂತಾಗ ಎಲ್ಲಿ ನಿಂತೆ ಅಂತ ಅದೇ ಹೇಳಲ್ವಾ?" ಎಂದು ಒಮ್ಮೆ ಕೇಳಿದೆ.

"ಹೇಳ್ತದ್ರಿ. ಆದರ ಬಿದ್ದ ಜಾಗಾ ಹೇಳ್ತದ, ನೂಕಿದವ್ರ ಹೆಸರು ಹೇಳಂಗಿಲ್ಲ."

ನನ್ನಿಂದಾಗುವುದು ಏನಿತ್ತು? ಬೆಳಿಗ್ಗೆ ನಾಲ್ಕಕ್ಕೇ ಎದ್ದು ಸ್ನಾನ ಮಾಡಿ, ಸ್ವೆಟರಿನ ಮೇಲೆ ಶಾಲು ಹೊದ್ದು ಮಂದಿರಕ್ಕೆ ಹೋಗುತ್ತಿದ್ದೆ. ಆ ಚಳಿಯಲ್ಲಿ ಬೀದಿ ದೀಪಗಳ ಸುತ್ತ ಮಂಜು ಹತ್ತಿ ಸುತ್ತಿದಂತೆ ಇರುತ್ತಿತ್ತು. ಒಲೆ ಹೊತ್ತಿಸಿ, ಹೆಸರುಬೇಳೆ ಹುರಿದು, ಅಕ್ಕಿ ತೊಳೆದು ಹಾಕಿದ ಮೇಲೆ, ಮೊದಲ ಕುದಿಗೆ ಮೆಣಸು ಜೀರಿಗೆಯ ವಾಸನೆ ಏಳುವ ಹೊತ್ತಿಗೆ, ಒಂದೇ ಮಾತು ಬೇಡಿಕೊಳ್ಳುತ್ತಿದ್ದೆ. ಅವಳ ಕೆಲಸ ಉಳಿಸಪ್ಪಾ ಎಂದಲ್ಲ. ಕಾಣುವುದನ್ನು ಅವಳ ಕಣ್ಣಿಗೆ ಕಾಣಿಸಪ್ಪಾ ಎಂದು. ಹರಕೆ ಹೊರುತ್ತೇನೆ ಎಂದಾಗ ಸವಿತಾ ಸಿಡುಕಿದ್ದಳು: "ಹರಕಿ ಬ್ಯಾಡ್ರಿ ಅತ್ಯಾ. ತಪ್ಪು ನಂದದ, ದೇವರ ಮ್ಯಾಲೆ ಯಾಕ ಹೊರೆಸ್ತೀರಿ?" ಅವಳು ಹೇಳಿದ್ದೂ ಸರಿಯೇ. ಹರಕೆ ಬಿಟ್ಟೆ, ಬೇಡುವುದನ್ನು ಬಿಡಲಿಲ್ಲ.

ಹಿಂದಿನ ವರ್ಷಗಳಲ್ಲಿ ನಾನು ಮಂದಿರದಲ್ಲಿ ಕೊನೆಯವರೆಗೂ ಇದ್ದು ಬರುತ್ತಿದ್ದೆ. ಆ ವರ್ಷ ಮಾತ್ರ ಪುಟ್ಟಿಗೋಸ್ಕರ ಏಳು ಗಂಟೆಗೆಲ್ಲ ಮನೆ ಸೇರಬೇಕಿತ್ತು, ಯಾಕೆಂದರೆ ಏಳೂವರೆಗೆ ಸವಿತಾಳ ಆಫೀಸಿನ ಮೀಟಿಂಗ್. ಮಗ ಅಷ್ಟು ಹೊತ್ತಿಗೆ ಕೆಲಸಕ್ಕೆಂದು ತುಮಕೂರಿನ ರೈಲು ಹಿಡಿದಿರುತ್ತಿದ್ದ. ಹೀಗಾಗಿ ನನ್ನನ್ನು ಬಿಡಿಸಲು ಗೀತಾ ಬರುತ್ತಿದ್ದಳು. ಗೀತಾ ನಮ್ಮ ಹಿಂದಿನ ರಸ್ತೆಯವಳು, ಶಾಲೆಯ ಟೀಚರು, ಚುರುಕು. ಬಿಡಿಸುವುದಕ್ಕೂ ಮಂಡಳಿಯಲ್ಲಿ ಒಂದು ಪದ್ಧತಿಯಿತ್ತು. ಹೋಗುವವಳ ಕೈ ತುಪ್ಪ ಹಿಟ್ಟು ಆಗಿರುತ್ತದೆ, ಅವಸರವಿರುತ್ತದೆ. ಆದ್ದರಿಂದ ಬಿಡಿಸಲು ಬಂದವಳೇ ತನ್ನದೊಂದು ಬಿಲ್ಲೆ ಹಾಕಿ, ಹೋಗುವವಳದೊಂದು ಇಳಿಸಬೇಕು. ಹೋಗುವವಳು ಮೊಳೆಯ ತಂಟೆಗೆ ಹೋಗಬಾರದು.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನೇ ಕೊನೆಯವಳಾಗಿ ನನ್ನ ಬಿಲ್ಲೆಯನ್ನು ನಾನೇ ಇಳಿಸಿ ರೂಢಿ.

ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಆವತ್ತು ಉಗ್ರಾಣದಲ್ಲಿ ರಾಜಮ್ಮನವರು ಕೂತು ಮರುದಿನದ ಅಕ್ಕಿ ಆರಿಸುತ್ತಿದ್ದರು. ಎಂಬತ್ತಕ್ಕೆ ಹತ್ತಿರದವರು, ಕಿವಿ ಮಂದ, ಬಾಯಿ ಚುರುಕು. ಮಂಡಳಿಯಲ್ಲಿ ಅವರ ಮಾತೇ ಕಾನೂನು. ಆರೂಮುಕ್ಕಾಲಿಗೆ ಗೀತಾ ಬಂದಳು. ಅವಳದೊಂದು ಬಿಲ್ಲೆ ಹಾಕಿ, ನನ್ನದೊಂದು ಇಳಿಸಿದಳು. ನಾನು ಕೈ ತೊಳೆದು, ಮನೆಗೆಂದು ಒಂದು ದೊನ್ನೆ ಹುಗ್ಗಿ ಹಿಡಿದು ಹೊರಟೆ. ಬಾಗಿಲು ದಾಟುವಾಗ ಮೊಳೆಯಲ್ಲಿ ಬಿಲ್ಲೆಗಳು ಕಂಡವು. ಅಯ್ಯೋ ಮರೆತಿದ್ದೆನಲ್ಲ ಎಂದುಕೊಂಡು ಒಂದನ್ನು ಇಳಿಸಿ ಡಬ್ಬಿಗೆ ಹಾಕಿ, ನೆಮ್ಮದಿಯಾಗಿ ಮನೆಗೆ ಬಂದೆ. ಜವಾಬ್ದಾರಿ ಮುಗಿಸಿದ ನೆಮ್ಮದಿ ಅದು!

ಒಂಬತ್ತೂವರೆಗೆ ರಾಜಮ್ಮನವರ ಮಗಳಿಂದ ಫೋನು. "ಆಂಟಿ, ಅಮ್ಮ ಇನ್ನೂ ಮನೆಗೆ ಬಂದಿಲ್ಲ. ಇನ್ಸುಲಿನ್ ಹೊತ್ತಾಯ್ತು. ನಿಮ್ಮನೇಲಿ ಇದಾರಾ?"

ಪುಟ್ಟಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು ಗೀತಾಳ ಮನೆಗೆ ಓಡಿದೆ.

"ಮೊಳೆ ಖಾಲಿಯಿತ್ತು ಸುಶೀಲಕ್ಕ" ಎಂದಳು ಗೀತಾ. "ಎಂಟೂಕಾಲಿಗೆ ಪ್ರಸಾದ ಹಂಚಿ ಮುಗಿಸಿ ನನ್ನ ಬಿಲ್ಲೆ ತೆಗೆದೆ, ಖಾಲಿ ಆಯ್ತು. ಅದಕ್ಕೇ ಬೀಗ ಹಾಕ್ದೆ. ರಾಜಮ್ಮನೋರು ಆಗಲೇ ಹೋಗಿರ್ತಾರೆ ಅಂದ್ಕೊಂಡೆ."

ಇಬ್ಬರೂ ಮಂದಿರಕ್ಕೆ ಓಡಿದೆವು. ಬೀಗ ತೆಗೆದು ಉಗ್ರಾಣದ ತಿರುವು ದಾಟಿದೆವು. ರಾಜಮ್ಮನವರು ಅಕ್ಕಿ ಚೀಲಕ್ಕೆ ಒರಗಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ದ್ರಾಕ್ಷಿ ಡಬ್ಬ ತೆರೆದಿತ್ತು.

"ಬಂದ್ಯಾ? ವಿಷ್ಣು ಸಹಸ್ರನಾಮ ಎರಡು ಸಲ ಆಯ್ತು, ಮೂರನೇದು ಅರ್ಧ ಆಗಿದೆ. ಇನ್ನೊಂದು ಅರ್ಧ ಗಂಟೆ ಬಿಟ್ಟು ಬಂದಿದ್ರೆ ಅದನ್ನೂ ಮುಗಿಸ್ತಿದ್ದೆ."

"ಕೂಗಬಾರದಿತ್ತಾ ರಾಜಮ್ಮನೋರೇ!" ಎಂದಳು ಗೀತಾ ಅಳುವ ದನಿಯಲ್ಲಿ.

"ಕೂಗ್ದೆ ಕಣೇ. ನಂಗೇ ಕೇಳಿಸ್ಲಿಲ್ಲ, ಇನ್ನು ರೋಡಲ್ಲಿ ಹೋಗೋರಿಗೆ ಕೇಳಿಸುತ್ತಾ?"

ನಮ್ಮ ಪುಣ್ಯ, ಅವರಿಗೆ ಏನೂ ಆಗಿರಲಿಲ್ಲ. ಅವರನ್ನು ಮನೆಗೆ ತಲುಪಿಸಿ, ಸೂಜಿ ಚುಚ್ಚಿಸಿಕೊಂಡು ತಿಂಡಿ ತಿನ್ನುವುದನ್ನು ನೋಡುವವರೆಗೂ ನಾನು ಕದಲಲಿಲ್ಲ. ಗೀತಾ ಅಷ್ಟು ಹೊತ್ತೂ ತಾನೇ ತಪ್ಪು ಮಾಡಿದೆನೆಂದು ಕೊರಗುತ್ತಿದ್ದಳು. "ರಾಜಮ್ಮನೋರೇ, ನೀವು ಬಿಲ್ಲೆ ಹಾಕೋದು ಮರೆತಿದ್ರಾ?" ಎಂದು ಕೇಳಿದಳು.

"ನಾನಾ? ಈ ಪದ್ಧತಿ ಬಂದಾಗ ಮೊದಲನೇ ಬಿಲ್ಲೆ ಹಾಕಿದವಳು ನಾನು!" ಎಂದು ರಾಜಮ್ಮನವರು ಇಡ್ಲಿಯ ಕೈಯಲ್ಲೇ ಗದರಿದರು.

ಆ ಹೊತ್ತಿಗೆ ನನಗೆ ಎಲ್ಲ ಹೊಳೆದಿತ್ತು. ಬಾಗಿಲಲ್ಲಿ ನಾನು ಇಳಿಸಿದ ಬಿಲ್ಲೆ ನನ್ನದಲ್ಲ, ರಾಜಮ್ಮನವರದು. ನನ್ನದನ್ನು ಗೀತಾ ಆಗಲೇ ಇಳಿಸಿದ್ದಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾಜಮ್ಮನವರಿಗೆ ಮರೆವು ಎಂದು ನಾಲ್ಕು ಜನ ಅಂದುಕೊಳ್ಳುತ್ತಿದ್ದರು, ಅಷ್ಟೇ. ಆದರೂ ಹೇಳಿದೆ. "ತಪ್ಪು ನಂದು ರಾಜಮ್ಮನೋರೇ. ಗೀತಾ ನನ್ನ ಬಿಲ್ಲೆ ಇಳಿಸಿದ ಮೇಲೆ, ಹೋಗ್ತಾ ನಾನೂ ಒಂದು ಇಳಿಸ್ದೆ."

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಜಾಸ್ತಿ ಶಿಸ್ತು ಕಣೇ ನಿಂದು. ಅದೇ ರೋಗ ನಿಂಗೆ. ಇನ್ನೊಂದು ಇಡ್ಲಿ ಹಾಕು ಈ ಕಡೆ."

ಮನೆಗೆ ಬಂದಾಗ ಹನ್ನೊಂದು ಗಂಟೆ. ಸವಿತಾಳ ಮೀಟಿಂಗ್ ಮುಗಿದಿತ್ತು. ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು, ಕಣ್ಣು ಊದಿಕೊಂಡಿತ್ತು. ಅವಳನ್ನು ನಗಿಸೋಣವೆಂದು ರಾಜಮ್ಮನವರ ಸಹಸ್ರನಾಮದ ಕಥೆ ಹೇಳಿದೆ. ಅವಳು ನಕ್ಕಳು. ನಗುತ್ತಾ ನಗುತ್ತಾ ನಿಲ್ಲಿಸಿದಳು.

"ಅತ್ಯಾ, ಇನ್ನೊಮ್ಮೆ ಹೇಳ್ರಿ. ನಿಮ್ಮ ಬಿಲ್ಲಿ ಯಾರು ತಗದ್ರು?"

"ಗೀತಾ. ಬಿಡಿಸೋಕೆ ಬಂದವಳೇ ಇಳಿಸ್ಬೇಕು ಅಂತ ಇದೆಯಲ್ಲ."

"ಮತ್ತ ನೀವೂ ತಗದ್ರಿ."

"ಹೂಂ ಕಣಮ್ಮಾ, ತೆಗ್ದೆ. ಎಷ್ಟು ಸಲ ಹೇಳಿಸ್ತೀಯಾ?"

"ಎಲ್ಲಾರೂ ಬಿಲ್ಲಿ ಹಾಕೇ ಒಳಗ ಬಂದಿದ್ರು. ಯಾರೂ ತಪ್ಪಿಸಿರಲಿಲ್ಲ. ಆದರೂ ಕಡಿಮಿ ಬಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತು ತಿರುಗಿ, "ಪುಟ್ಟಿ ಸ್ವಲ್ಪ ನಿಮ್ಮ ಹತ್ರ ಇರ್ಲಿರಿ" ಎಂದಳು.

ಅವಳು ಕೆಳಗೆ ಬಂದದ್ದು ಮಗು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಮೇಲೆ. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಇಂಗ್ಲಿಷಿನ ಸಾಲುಗಳು. ನನಗೆ ಇರುವೆ ಸಾಲಿನಂತೆ ಕಂಡವು.

"ಇಲ್ಲಿ ನೋಡ್ರಿ. ನಾನು ಎಲ್ಲಾ ಗೂಡು ಒಂದೊಂದಾಗಿ ಹುಡಕತೇನಿ. ಒಂದು ಕಾರ್ಡ್ ಸಿಗತದ, ಹಿಡಕೊಂಡು ನೋಡತೇನಿ. ಆಮ್ಯಾಲೆ ಮುಂದಿಂದು ಕೊಡು ಅಂತ ಕೇಳತೇನಿ. ಹಂಗ ಕೇಳಿದಾಗ, ಹುಡುಕಿಕೊಡೋ ಕೋಡ್ ಬ್ಯಾರೆಯವರದು, ಅದು ಹಿಂದಿನ ಕಾರ್ಡಿನ ಬಿಲ್ಲಿ ತಾನ ತಗೀತದ. ಗೀತಕ್ಕ ತಗದಂಗ. ಅದು ಅದರ ಪದ್ಧತಿ, ಪುಸ್ತಕದಾಗ ಬರದದ. ನಾನು ಓದೇನಿ." ಬೆರಳನ್ನು ಒಂದು ಸಾಲಿನ ಮೇಲಿಟ್ಟಳು. "ಮತ್ತ ಇಲ್ಲೆ ನಾನೂ ತಗದೀನಿ."

"ಯಾಕಮ್ಮಾ?"

"ಮರೀಬಾರದು ಅಂತ." ಅವಳ ದನಿ ಸಣ್ಣದಾಯಿತು. "ಹಿಡಕೊಂಡಿದ್ದು ಬಿಡದ ಹೋದ್ರ ತಪ್ಪು ಅಂತ ಅಷ್ಟು ಹೆದರಿಕಿ ಇತ್ತು. ಅದಕ್ಕ."

ಒಂದು ಸುತ್ತು ಹುಡುಕಿದರೆ ಒಂದು ಬಿಲ್ಲೆ ಕಡಿಮೆ. ಆದರೆ ಪ್ರತಿ ಕಾರ್ಡನ್ನೂ ಪೆಟ್ಟಿಗೆಯೊಳಗೆ ಬೇರೆ ಮೂರು ನಾಲ್ಕು ಕಡೆಯವರು ಹಿಡಿದುಕೊಂಡಿರುತ್ತಾರಂತೆ. ಆದ್ದರಿಂದ ಒಂದೆರಡು ಕಡಿಮೆ ಬಿದ್ದರೂ ಏನೂ ಆಗದು. ನರ್ಸಮ್ಮ ಕಾರ್ಡು ಬದಲಿಸಿದಾಗೆಲ್ಲ ಪೆಟ್ಟಿಗೆ ಇನ್ನೊಂದು ಸುತ್ತು ಹುಡುಕುತ್ತದೆ. ಬದಲಿಸದೆ ಬಿಟ್ಟ ಪಕ್ಕದ ಕಾರ್ಡಿನ ಬಿಲ್ಲೆ ಪ್ರತಿ ಸುತ್ತಿಗೂ ಒಂದೊಂದು ಇಳಿಯುತ್ತದೆ. ಕೊನೆಗೆ ಮೊಳೆ ಖಾಲಿಯಾಗಿ, ಇನ್ನೂ ಗೂಡಿನಲ್ಲಿ ಇರುವ, ಕೆಲಸ ಮಾಡುತ್ತಿರುವ ಕಾರ್ಡಿನ ಮೇಲೆ ಬೀಗ ಬೀಳುತ್ತದೆ. ಮನೆಯಲ್ಲಿ ಸವಿತಾ ಎರಡು ಸಲ ಬದಲಿಸಿ, ಆರಿಸಿ, ಮತ್ತೆ ಹೊತ್ತಿಸುತ್ತಿದ್ದಳು. ಹೊತ್ತಿಸಿದಾಗೆಲ್ಲ ಲೆಕ್ಕ ಹೊಸದಾಗಿ ಶುರುವಾಗುತ್ತಿತ್ತು. ಆಸ್ಪತ್ರೆಯಲ್ಲಿ ಯಾರು ಆರಿಸುತ್ತಾರೆ? ದಿನವಿಡೀ ಬದಲಾಯಿಸುತ್ತಿದ್ದರು. ಅದಕ್ಕೇ ಅಲ್ಲಿ ನಿಂತಿದ್ದು, ಇಲ್ಲಿ ನಿಲ್ಲದ್ದು.

"ಈಗ ನೋಡ್ರಿ" ಎಂದು ಪೆಟ್ಟಿಗೆಯನ್ನು ಮೇಜಿಗೆ ತಂದಳು. ಆರಿಸದೆ ಒಂದೇ ಗೂಡಿನ ಕಾರ್ಡನ್ನು ತೆಗೆದು ಹಾಕತೊಡಗಿದಳು. ನಾನು ಪುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದೆ. ಐದನೆಯ ಸಲವೋ ಆರನೆಯ ಸಲವೋ ಪರದೆಯ ಮೇಲಿನ ಹಸಿರು ಗೆರೆ ಹಾಗೇ ಹೆಪ್ಪುಗಟ್ಟಿತು.

ಸವಿತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ವಾರಗಟ್ಟಲೆ ನಿಲ್ಲದ್ದು ಕಣ್ಣೆದುರೇ ನಿಂತಿತ್ತು. ಆ ಸಾಲು ಅಳಿಸಿ ಮತ್ತೆ ಮಾಡಿದಳು. ಐವತ್ತು ಸಲ ಬದಲಿಸಿದರೂ ಹಸಿರು ಗೆರೆ ಓಡುತ್ತಲೇ ಇತ್ತು. ಕೊನೆಯ ಇಪ್ಪತ್ತು ಸಲ ನಾನೇ ತೆಗೆದು ಹಾಕಿದೆ, ಅವಳ ಬೆರಳು ನೋಯುತ್ತಿತ್ತು.

ಸಿಕ್ಕಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿ ಬಂದರೆ ಅವಳು ಇನ್ನೂ ಅಲ್ಲೇ ಕೂತಿದ್ದಳು. ಮುಖದಲ್ಲಿ ಗೆಲುವಿರಲಿಲ್ಲ.

"ಈಗೇನಮ್ಮಾ?"

"ಬರೀಬೇಕಲ್ರಿ ಅವರಿಗೆ, ಏನಾಗಿತ್ತು ಅಂತ. ಹುಡುಕಿಕೊಡೋದರ ಪದ್ಧತಿನ ಗೊಂದಲ ಅದ ಅಂತ ಬರದ್ರ ಸುಳ್ಳಲ್ಲ. ಭಾಳ ಮಂದಿ ಅಲ್ಲೇ ಎಡವತಾರ. ಆದರ ನಾನು ಓದಿ ಗೊತ್ತಿದ್ದೂ ಹಾಕೀನಿ ಅಂತ ಬರದ್ರ..." ಕಾಯಂ ಮಾಡುವ ಮಾತೇ ಮುಗಿಯಬಹುದಿತ್ತು. ಸಂಕ್ರಾಂತಿ ನಾಲ್ಕು ದಿನಕ್ಕಿತ್ತು.

ಉಪದೇಶ ಮಾಡುವ ಅಭ್ಯಾಸ ನನಗಿಲ್ಲ. ಸೊಸೆಗಂತೂ ಇಲ್ಲ. "ರಾಜಮ್ಮನೋರ ಮುಂದೆ ಹೇಳೋದು ನಂಗೂ ಸುಲಭ ಇರ್ಲಿಲ್ಲ" ಎಂದಷ್ಟೇ ಹೇಳಿದೆ. "ಆದ್ರೆ ಹೇಳ್ದೇ ಇದ್ದಿದ್ರೆ ನಾಳೆ ಆ ಮೊಳೆ ಮುಂದೆ ಹೆಂಗೆ ನಿಂತ್ಕೊಳ್ಳೋದು?"

ಅವಳು ಬರೆದಳು. ಬರೆದದ್ದನ್ನು ಕಳಿಸುವ ಮುಂಚೆ ನನಗೆ ಕನ್ನಡದಲ್ಲಿ ಹೇಳಿದಳು. ಹೆಚ್ಚಿಗೆ ಬಿಲ್ಲೆ ಇಳಿಸಿದ ಸಾಲು ನನ್ನದು. ಪದ್ಧತಿ ನನಗೆ ಗೊತ್ತಿತ್ತು. ಹೀಗೆ ಮಾಡಿದರೆ ನಿಲ್ಲುತ್ತದೆ, ನೀವೂ ಮಾಡಿ ನೋಡಿ. ಆ ಒಂದು ಸಾಲು ತೆಗೆದರೆ ನಿಲ್ಲುವುದಿಲ್ಲ. ನಡುವೆ ಹುಡುಕುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ನಮ್ಮ ಬಿಲ್ಲೆ ನಾವೇ ಇಳಿಸಬೇಕು, ಆ ಜಾಗಗಳನ್ನೆಲ್ಲ ನೋಡಿದ್ದೇನೆ, ಸರಿಯಾಗಿವೆ. ಬಿಲ್ಲೆ ಎಂಬ ಮಾತು ಅವರ ಕಾಗದದಲ್ಲಿ ಇರಲಿಲ್ಲ, ನನಗಾಗಿ ಸೇರಿಸಿದ್ದಳು.

ಮಂಡಳಿಯಲ್ಲಿ ಮರುದಿನವೇ ರಾಜಮ್ಮನವರು ಕಾನೂನು ಬದಲಿಸಿದರು. ಇನ್ನು ಮುಂದೆ ಯಾರೂ ಇನ್ನೊಬ್ಬರ ಬಿಲ್ಲೆ ಮುಟ್ಟುವಂತಿಲ್ಲ. ತುಪ್ಪದ ಕೈಯಾದರೆ ತೊಳೆದುಕೊಂಡು ತಾನೇ ಇಳಿಸಲಿ. ಗೀತಾ "ಅಂತೂ ಬಚಾವಾದೆ" ಎಂದು ನನ್ನ ಬೆನ್ನಿಗೆ ಗುದ್ದಿದಳು. ನಮ್ಮ ಪದ್ಧತಿ ನಮ್ಮ ಕೈಯಲ್ಲಿತ್ತು, ಬದಲಿಸಿಕೊಂಡೆವು. ಸವಿತಾಳ ಪದ್ಧತಿ ಲೋಕದ ಎಷ್ಟೋ ಯಂತ್ರಗಳಿಗೆಲ್ಲ ಒಂದೇ; ಅದು ನಮ್ಮ ಮನೆಗಾಗಿ ಬದಲಾಗುವುದಿಲ್ಲ. ಅವಳ ಕೈಯೇ ಅದನ್ನು ಕಲಿಯಬೇಕಿತ್ತು. ಕಲಿಯಿತು.

ಆ ನಾಲ್ಕು ದಿನ ಆಫೀಸಿನಿಂದ ಬಂದದ್ದು ಒಂದೇ ಮಾತು: ನೋಡ್ತಾ ಇದೀವಿ. ನಾಲ್ಕು ಪೆಟ್ಟಿಗೆಗಳನ್ನು ಹಗಲೂ ರಾತ್ರಿ ಓಡಿಸಿ, ಪಾಳಿಯ ಮೇಲೆ ಜನ ಕಾರ್ಡು ಬದಲಿಸುತ್ತಿದ್ದರಂತೆ. ಸವಿತಾ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚಿದಳು. ಒಂದೊಂದು ಚೂರೂ ಒಂದೇ ಅಳತೆ. ಫೋನಿನ ಸದ್ದಾದಾಗೆಲ್ಲ ಚಾಕು ನಿಲ್ಲುತ್ತಿತ್ತು. ಹಬ್ಬದ ದಿನ ಅವಳ ಅವ್ವ ಧಾರವಾಡದಿಂದ ಮಾತಾಡಿದಾಗ ಎಲ್ಲ ಛಲೋ ಅದ ಎಂದಳು. ನಮ್ಮ ಮನೆಯವರು ನನ್ನ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದರು.

ಸಂಕ್ರಾಂತಿಯ ಮರುದಿನ ಅವಳು ಆಫೀಸಿಗೇ ಹೋದಳು. ಕರೆದಿದ್ದರು. ಕೆಲಸಕ್ಕೆ ಸೇರಿದ ದಿನದ ನೀಲಿ ಸೀರೆಯನ್ನೇ ಉಟ್ಟಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಹನ್ನೆರಡೂವರೆಗೆ ಫೋನು ಬಂತು. ಹಿಂದೆ ಗಾಡಿಗಳ ಸದ್ದು, ರಸ್ತೆಯಲ್ಲಿ ನಿಂತು ಮಾತಾಡುತ್ತಿದ್ದಳು.

"ಅತ್ಯಾ, ಪೆಟ್ಟಿಗಿ ಮತ್ತ ದವಾಖಾನಿಗೆ ಹೊಂಟಾವ."

"ಸರಿ. ನೀನು?"

"ಸಾಹೇಬ್ರು ನನ್ನ ಕಾಗದ ಮುಂದ ಇಟ್ಟುಕೊಂಡು ಕೂತಿದ್ರು. ಎಷ್ಟು ಸಾಲು ಬದಲಿಸೀರಿ ಅಂತ ಕೇಳಿದ್ರು. ಒಂದು ಸಾಲು, ಅದೂ ಅಳಸೋದು ಅಂದೆ. ಉಳದವರೂ ಹುಡುಕೋ ಸಾಲು ಬರೀತಾರ, ಇನ್ನ ಮ್ಯಾಲೆ ಅವನ್ನೆಲ್ಲಾ ನೀವು ನೋಡಿದ ಮ್ಯಾಲೇನ ಒಳಗ ಹೋಗಬೇಕು ಅಂದ್ರು. ಕಾಯಂ ಮಾಡ್ಯಾರ ಅತ್ಯಾ. ಕಾಗದ ಕೈಯಾಗದ."

"ಊಟ ಮಾಡಿದ್ಯಾ?" ಎಂದೆ. ಬಾಯಿಗೆ ಬಂದದ್ದು ಅದೇ.

"ಇಲ್ರಿ."

"ಮೊದಲು ಮಾಡು."

ಫೋನ್ ಇಟ್ಟು ದೇವರ ಮನೆಯ ಹೊಸ್ತಿಲಲ್ಲಿ ಕೂತೆ. ಕಾಣುವುದನ್ನು ಕಾಣಿಸಪ್ಪಾ ಎಂದಷ್ಟೇ ಕೇಳಿದ್ದೆ. ಕಾಣಿಸಿದ, ಹೇಳುವ ಧೈರ್ಯವನ್ನೂ ಕೊಟ್ಟ, ಕೇಳದೇ ಇದ್ದದ್ದನ್ನೂ ಕೊಟ್ಟ. ಅಡ್ಡಬಿದ್ದು ಎದ್ದೆ. ಪುಟ್ಟಿ ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದ ಕಂಬಳಿಗಳ ಒಂದು ಮಗ್ಗುಲು ಇಷ್ಟು ಹೊತ್ತಿಗೆ ಚೆನ್ನಾಗಿ ಕಾದಿರುತ್ತದೆ. ಅವನ್ನು ಮಗುಚಿ ಹಾಕಲು ಮೇಲೆ ಹೋದೆ.